ದಸರಾ ಬಣ್ಣಕ್ಕೆ ಮೊದಲು ಮಾಳಿಗೆಯ ವಾಟ ನೋಡಿ

ಮಾನ್ಯ ಸಂಪಾದಕರೇ,

ಮೈಸೂರಿನ ದೇವರಾಜ ಮಾರುಕಟ್ಟೆಯನ್ನೂ ಲ್ಯಾನ್ಸ್‌ಡೌನ್ ಕಟ್ಟಡವನ್ನೂ ಉಳಿಸಬೇಕೋ ಕೆಡವಬೇಕೋ ಎಂಬ ಚರ್ಚೆ ನಿಮ್ಮ ಓದುಗರಿಗೆ ಹೊಸದಲ್ಲ. ತಜ್ಞರ ವರದಿಗಳು ಎರಡೂ ಕಡೆಗೆ ಬಂದಿವೆ, ವ್ಯಾಜ್ಯ ಹೈಕೋರ್ಟ್ ಮೆಟ್ಟಿಲನ್ನೂ ಹತ್ತಿದೆ. ಈ ಗದ್ದಲದಲ್ಲಿ ಒಂದು ಸಾಮಾನ್ಯ ವಿಷಯ ಹಿಂದೆ ಸರಿದುಬಿಟ್ಟಿದೆ. ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತದ್ದು 2012ರ ಆಗಸ್ಟ್ 25ರಂದು. ಮಾರುಕಟ್ಟೆಯ ಧನ್ವಂತರಿ ರಸ್ತೆ ಕಡೆಯ ಭಾಗ ಬಿದ್ದದ್ದು 2016ರ ಆಗಸ್ಟ್ 28ರಂದು. ಮಹಾರಾಣಿ ವಿಜ್ಞಾನ ಕಾಲೇಜಿನ ಹಳೇ ಕಟ್ಟಡದ ಭಾಗ ಕುಸಿದದ್ದು 2022ರ ಅಕ್ಟೋಬರಿನಲ್ಲಿ. ಮೂರಕ್ಕೂ ಬೇರೆ ಬೇರೆ ಕಾರಣಗಳು ಸೇರಿಕೊಂಡಿರಬಹುದು. ಕಾಲ ಮಾತ್ರ ಒಂದೇ: ತಿಂಗಳುಗಟ್ಟಲೆ ನೀರು ಕುಡಿದ ಗೋಡೆಗೆ ಒಣಗಲು ಬಿಸಿಲು ಸಿಗದಿದ್ದ ಕಾಲ.

ನಗರದಲ್ಲಿ ಏಣಿ ಕಟ್ಟಿ ಕಟ್ಟಡಗಳ ಮುಖಕ್ಕೆ ಬಣ್ಣ ಬಳಿಯುವ ಸಂಭ್ರಮವೂ ಅದೇ ಸಮಯಕ್ಕೆ ಶುರುವಾಗುತ್ತದೆ. ದಸರಾ ಹತ್ತಿರ ಬಂದಿರುತ್ತದೆ, ಹಣ ಬಿಡುಗಡೆಯಾಗಿರುತ್ತದೆ, ಕೆಲಸ ಮುಗಿಸಲು ಗಡುವಿರುತ್ತದೆ. ಒದ್ದೆ ಗೋಡೆಯ ಮೇಲೆ ಪ್ಲಾಸ್ಟಿಕ್ ಎಮಲ್ಷನ್ ಬಳಿದು ನೀರನ್ನು ಒಳಗೇ ಕಟ್ಟಿಹಾಕುವ ಈ ವಾರ್ಷಿಕ ಕೆಲಸದಿಂದ ಕಟ್ಟಡಕ್ಕೆ ಲಾಭಕ್ಕಿಂತ ನಷ್ಟವೇ ಜಾಸ್ತಿ. ಪಾರಂಪರಿಕ ಕಟ್ಟಡಗಳಿಗೆ ಇಡುವ ಹಣದಲ್ಲಿ ಮೊದಲ ಪಾಲು ಮಾಳಿಗೆಗೆ, ಅಂದರೆ ಮೇಲ್ಛಾವಣಿಗೆ ಹೋಗಲಿ, ಆ ಕೆಲಸ ನವೆಂಬರಿನಿಂದ ಫೆಬ್ರವರಿಯೊಳಗೆ ನಡೆಯಲಿ, ಅದರಲ್ಲಿ ಸಿಮೆಂಟ್ ಬೇಡ ಎಂಬುದು ನಮ್ಮ ಮಾತು. ಯಾಕೆಂದು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇವೆ.

ಮೊದಲು ಜಾಗದ ಬಗ್ಗೆ. ಅರಮನೆಯ ಉತ್ತರಕ್ಕೆ ದೊಡ್ಡ ಗಡಿಯಾರದಿಂದ ಚಿಕ್ಕ ಗಡಿಯಾರದವರೆಗೆ ಸುಮ್ಮನೆ ನಡೆದರೆ ಹತ್ತು ನಿಮಿಷದ ದಾರಿ. ಅಷ್ಟರೊಳಗೆ ನೂರು ವರ್ಷಕ್ಕೂ ಹಿಂದಿನ ಮೈಸೂರಿನ ಆಡಳಿತ, ವ್ಯಾಪಾರ, ಹಬ್ಬ ಎಲ್ಲ ಸಿಗುತ್ತವೆ. ದಿವಾನ್ ರಂಗಾಚಾರ್ಲು ಅವರ ನೆನಪಿಗೆ 1884ರಲ್ಲಿ ಕಟ್ಟಿದ ಪುರಭವನ ಒಂದು ತುದಿಯಲ್ಲಿದೆ. ಅದರ ಎದುರಿಗೇ ದೊಡ್ಡ ಗಡಿಯಾರ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ ಅರಮನೆ ನೌಕರರು 1927ರಲ್ಲಿ ಕಟ್ಟಿಸಿದ 75 ಅಡಿ ಎತ್ತರದ ಗೋಪುರ ಇದು, ಮುಖದ ಮೇಲೆ ಕನ್ನಡ ಅಂಕಿಗಳಿವೆ. ಅಲ್ಲಿಂದ ಚಾಮರಾಜ ವೃತ್ತ, ಕೆ.ಆರ್. ವೃತ್ತ ದಾಟಿದರೆ ಚಿಕ್ಕ ಗಡಿಯಾರ. ವೈಸರಾಯ್ ಡಫರಿನ್ 1886ರಲ್ಲಿ ಮೈಸೂರಿಗೆ ಬಂದುಹೋದ ನೆನಪಿನದು. ಅದೇ ಚೌಕಕ್ಕೆ ಮುಖಮಾಡಿ ಒಂದು ಕಡೆ ಮಾರುಕಟ್ಟೆ, ಇನ್ನೊಂದು ಕಡೆ 1892ರ ಲ್ಯಾನ್ಸ್‌ಡೌನ್ ಕಟ್ಟಡ. ಹಳೇ ಪುಸ್ತಕ, ಪಠ್ಯಪುಸ್ತಕ ಬೇಕೆಂದರೆ ಊರಿನವರು ಹೋಗುತ್ತಿದ್ದುದು ಅದರ ಕಮಾನುಗಳ ಕೆಳಗಿನ ಅಂಗಡಿಗಳಿಗೆ. ಇನ್ನೂ ಪಡುವಣಕ್ಕೆ ನಡೆದರೆ 1861ರ ಜಗನ್ಮೋಹನ ಅರಮನೆ.

ಇವುಗಳಲ್ಲಿ ಇಂದಿಗೂ ತಾನು ಹುಟ್ಟಿದ ಕೆಲಸವನ್ನೇ ಮಾಡುತ್ತಿರುವುದು ಮಾರುಕಟ್ಟೆ. 1886ರ ಸುಮಾರಿಗೆ ಶುರುವಾಗಿ ಆಮೇಲೆ ಹಂತಹಂತವಾಗಿ ಬೆಳೆದ ಇದರಲ್ಲಿ ಎಂಟುನೂರರ ಆಸುಪಾಸು ಅಂಗಡಿಗಳಿವೆ. ಬೆಳಿಗ್ಗೆ ಹೊತ್ತಾಗುವ ಮುಂಚೆ ಹೋದರೆ ಹೂವಿನ ಸಾಲಿನಲ್ಲಿ ಮಲ್ಲಿಗೆ, ಕನಕಾಂಬರ, ಸೇವಂತಿಗೆ ಮಾರಿನ ಲೆಕ್ಕದಲ್ಲಿ ಕೈ ಬದಲಾಯಿಸುತ್ತಿರುತ್ತದೆ. ಬಾಳೆಹಣ್ಣಿನ ಸಾಲಿನಲ್ಲಿ ಗೊನೆಗಳು ಹಗ್ಗದಲ್ಲಿ ತೂಗುತ್ತಿರುತ್ತವೆ. ನಂಜನಗೂಡು ರಸಬಾಳೆ ಈಗ ಅಪರೂಪ, ಪನಾಮಾ ಸೊರಗು ರೋಗ ಆ ತೋಟಗಳನ್ನು ಬಹಳ ಮಟ್ಟಿಗೆ ತಿಂದುಹಾಕಿದೆ. ಸಿಕ್ಕರೆ ಸಿಪ್ಪೆ ಕಪ್ಪಾಗಿದೆಯೆಂದು ಬಿಡಬೇಡಿ, ಒಳಗಿನ ಹಣ್ಣು ಗಟ್ಟಿಯಾಗಿಯೇ ಇರುತ್ತದೆ. ಮೈಸೂರು ವೀಳ್ಯದೆಲೆ, ಮೈಸೂರು ಮಲ್ಲಿಗೆ, ನಂಜನಗೂಡು ರಸಬಾಳೆ ಮೂರಕ್ಕೂ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಮೂರೂ ಬಿಸಿಲು ತಾಗಿದರೆ ಬಾಡುವ, ಕೊಳೆಯುವ ಸರಕು. ದಪ್ಪ ಸುಣ್ಣದ ಗೋಡೆ, ಎತ್ತರದ ಸೂರು, ಎರಡೂ ಕಡೆ ಗಾಳಿಯಾಡುವ ಓಣಿ ಇಟ್ಟು ಈ ಕಟ್ಟಡ ಕಟ್ಟಿದವರಿಗೆ ತಾವು ಯಾವ ಸರಕಿಗೆ ನೆರಳು ಮಾಡುತ್ತಿದ್ದೇವೆಂದು ಗೊತ್ತಿತ್ತು.

ಈಗ ಮಾಳಿಗೆಯ ವಿಷಯ. ಆ ಕಾಲದ ಇಂಥ ಕಟ್ಟಡಗಳಲ್ಲಿ ಹೆಚ್ಚಿನವುಗಳ ಮೇಲಿರುವುದು ಮದ್ರಾಸ್ ತಾರಸಿ. ಗೋಡೆಯಿಂದ ಗೋಡೆಗೆ ತೇಗದ ತೊಲೆಗಳನ್ನು ಒಂದೂವರೆ ಅಡಿಯ ಆಸುಪಾಸಿನ ಅಂತರದಲ್ಲಿ ಇಡುತ್ತಾರೆ. ಅದರ ಮೇಲೆ 6 ಅಂಗುಲ ಉದ್ದ, 3 ಅಂಗುಲ ಅಗಲ, 1 ಅಂಗುಲ ದಪ್ಪದ ತೆಳು ಇಟ್ಟಿಗೆಗಳನ್ನು ನಿಲ್ಲಿಸಿ, ತೊಲೆಗಳಿಗೆ ಓರೆಯಾಗಿ, ಸುಣ್ಣದ ಗಾರೆಯಲ್ಲಿ ಕೂರಿಸುತ್ತಾರೆ. ಅದರ ಮೇಲೆ 3ರಿಂದ 4 ಅಂಗುಲ ಇಟ್ಟಿಗೆ ಜಲ್ಲಿ ಮತ್ತು ಸುಣ್ಣದ ಕಾಂಕ್ರೀಟು. ಅದನ್ನು ಹಾಕಿ ಹೋಗುವಂತಿಲ್ಲ. ಸಾಲಾಗಿ ಕುಳಿತು ಮರದ ಬಡಿಗೆಯಿಂದ ದಿನಗಟ್ಟಲೆ ಬಡಿಯಬೇಕು, ಬಡಿಯುವಾಗ ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು ಚಿಮುಕಿಸಬೇಕು. ಬಡಿಗೆ ಪುಟಿದು ಗಟ್ಟಿ ಸದ್ದು ಬರುವವರೆಗೂ ಆ ಕೆಲಸ ಮುಗಿಯುವುದಿಲ್ಲ. ಮೂರು ದಿನ ಒದ್ದೆಯಾಗಿ ಬಿಟ್ಟು, ಗಟ್ಟಿಯಾದ ಮೇಲೆ ಎರಡು ವರಸೆ ಚಪ್ಪಟೆ ಹೆಂಚು. ಕೆಳಗಿನ ಸಂದಿನ ಮೇಲೆ ಮೇಲಿನ ಸಂದು ಬರದಂತೆ ತಪ್ಪಿಸಿ ಕೂರಿಸಬೇಕು. ಕೊನೆಗೆ ತೆಳುವಾದ ಮೂರು ಕೋಟು ಗಾರೆ. ಇಡೀ ಮಾಳಿಗೆಗೆ 30 ಅಡಿಗೆ 1 ಅಡಿಯಂತೆ ವಾಟ, ಅಂದರೆ ನೀರು ಹರಿದುಹೋಗುವ ಇಳಿಜಾರು.

ಹೀಗೆ ಕಟ್ಟಿದ ಮಾಳಿಗೆ ನೂರು ವರ್ಷ ನಿಲ್ಲುತ್ತದೆ, ಒಂದು ಷರತ್ತಿನ ಮೇಲೆ: ನೀರು ಅದರ ಮೇಲೆ ನಿಲ್ಲಕೂಡದು. ಸುಣ್ಣದ ತಾರಸಿ ಮಳೆಯನ್ನು ಕಾಂಕ್ರೀಟಿನ ಹಾಗೆ ತಡೆಯುವುದಿಲ್ಲ. ಸ್ವಲ್ಪ ಹೀರಿಕೊಂಡು ಬಿಸಿಲು ಬಂದಾಗ ಬಿಟ್ಟುಕೊಡುತ್ತದೆ. ಸಾವಿರ ಚದರಡಿ ಮಾಳಿಗೆಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ 2,300 ಲೀಟರಿಗೂ ಹೆಚ್ಚು ನೀರು. ಅದು ಹೊರಗೆ ಹೋಗಬೇಕಾದ ತೂಬಿನ ಬಾಯಿ ಅಂಗೈ ಅಗಲವಿದ್ದು, ಅದಕ್ಕೆ ಒಂದು ಪ್ಲಾಸ್ಟಿಕ್ ಚೀಲವೋ ಸತ್ತ ಪಾರಿವಾಳವೋ ಅಡ್ಡವಾದರೆ ಅಷ್ಟೂ ನೀರು ಅಲ್ಲೇ. ಮೈಸೂರಿನ ಮಳೆ ವರ್ಷಕ್ಕೆ ಸುಮಾರು 800 ಮಿ.ಮೀ., ಮಲೆನಾಡಿನ ಲೆಕ್ಕದಲ್ಲಿ ಏನೂ ಅಲ್ಲ. ಆದರೆ ಜೂನ್‌ನಿಂದ ಆಗಸ್ಟ್‌ವರೆಗಿನ ಜಿಟಿಜಿಟಿ ಮಳೆಗೆ, ಮೋಡ ಮುಚ್ಚಿದ ಆಕಾಶಕ್ಕೆ ಇಂಥ ಮಾಳಿಗೆ ಒಣಗಲು ಅವಕಾಶವೇ ಸಿಗುವುದಿಲ್ಲ.

ನಿಂತ ನೀರು ಎಲ್ಲಿಗೆ ಹೋಗುತ್ತದೆ ಎಂಬುದೇ ಮುಖ್ಯ. ನಡು ಮಾಳಿಗೆಯಲ್ಲಿ ಸೋರಿದರೆ ಕೆಳಗಿನ ಅಂಗಡಿಯವರು ಕೂಗುತ್ತಾರೆ, ಯಾರೋ ಬಂದು ನೋಡುತ್ತಾರೆ. ಅಪಾಯ ಇರುವುದು ಸೋರದ ಜಾಗದಲ್ಲಿ, ಪ್ಯಾರಾಪೆಟ್ಟಿನ, ಅಂದರೆ ಮಾಳಿಗೆಯ ಅಂಚಿನ ಗಿಡ್ಡ ಗೋಡೆಯ ಬುಡದಲ್ಲಿ. ವಾಟ ಇಳಿದು ಬಂದ ನೀರು ನಿಲ್ಲುವುದು ಅಲ್ಲೇ, ತೊಲೆಯ ತುದಿ ಗೋಡೆಯೊಳಗೆ ಹೊಕ್ಕಿರುವುದೂ ಅದರ ಕೆಳಗೇ. ಗೋಡೆಯೊಳಗಿನ ಆ ಅರ್ಧದಿಂದ ಮುಕ್ಕಾಲು ಅಡಿ ತುದಿಗೆ ಗಾಳಿ ಬೆಳಕು ಏನೂ ಇಲ್ಲ. ಹೊರಗೆ ಕಾಣುವ ತೊಲೆ ಉಕ್ಕಿನಂತಿರುತ್ತದೆ, ಒಳಗಿನ ತುದಿ ಹುಡಿಯಾಗಿರುತ್ತದೆ. ಗೆದ್ದಲು ಹೊಕ್ಕರೆ ಕೆಲಸ ಇನ್ನೂ ಬೇಗ. ತುದಿ ಕೈಕೊಟ್ಟ ದಿನ ತಾರಸಿಯ ಭಾರ ಪಕ್ಕದ ತೊಲೆಗೆ ಬೀಳುತ್ತದೆ, ಅದರಿಂದ ಅದರ ಪಕ್ಕದ್ದಕ್ಕೆ. ಗಟ್ಟಿಮುಟ್ಟಾಗಿದ್ದ ಕಟ್ಟಡ ಇದ್ದಕ್ಕಿದ್ದ ಹಾಗೆ ಬಿತ್ತು ಎಂದು ಜನ ಹೇಳುವುದು ಇಂಥ ಸಂದರ್ಭದಲ್ಲಿ.

ಹಾಗಾಗಿ ಪರೀಕ್ಷೆ ಮಾಡುವವರು ಛಾವಣಿಯ ಫೋಟೊ ತೆಗೆದು ಹೋದರೆ ಸಾಲದು. ಪ್ರತಿ ತೊಲೆಯನ್ನೂ ಗೋಡೆಯ ಹತ್ತಿರ ಸುತ್ತಿಗೆಯ ಹಿಡಿಯಿಂದ ತಟ್ಟಬೇಕು. ಗಟ್ಟಿ ಮರದ ಸದ್ದು ಬೇರೆ, ಟೊಳ್ಳು ಮರದ ಸದ್ದು ಬೇರೆ, ಬಡಗಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಅನುಮಾನ ಬಂದ ಕಡೆ ಸ್ಕ್ರೂ ಡ್ರೈವರ್ ಒತ್ತಿ ನೋಡಬೇಕು, ಸುಲಭವಾಗಿ ಒಳಗಿಳಿದರೆ ಗೋಡೆಯಿಂದ ಒಂದೆರಡು ಇಟ್ಟಿಗೆ ಬಿಡಿಸಿ ತುದಿ ಹೇಗಿದೆಯೆಂದು ಕಣ್ಣಾರೆ ನೋಡಬೇಕು. ಕೊಳೆತಿದ್ದರೆ ಮೊದಲ ಕೆಲಸ ಕೆಳಗಿನಿಂದ ಜಾಕಿ ಕೊಡುವುದು. ಆಮೇಲೆ ಗಟ್ಟಿ ಮರ ಸಿಗುವವರೆಗೆ ಕೊಯ್ದು, ಓರೆ ಕಚ್ಚು ಹಾಕಿ ಹೊಸ ತೇಗದ ತುಂಡು ಸೇರಿಸಿ, ಎರಡೂ ಮಗ್ಗುಲಿಗೆ ಉಕ್ಕಿನ ಪಟ್ಟಿ ಇಟ್ಟು ಬೋಲ್ಟ್ ಬಿಗಿಯಬೇಕು. ಗೋಡೆಯೊಳಗೆ ಕೂರಿಸುವಾಗ ತುದಿಯ ಸುತ್ತ ಬೆರಳು ತೂರುವಷ್ಟು ಗಾಳಿ ಜಾಗ ಬಿಡಬೇಕು. ಗಾರೆ ಮೆತ್ತಿ ಚೊಕ್ಕಟ ಮಾಡಿದರೆ ಹತ್ತು ಹದಿನೈದು ವರ್ಷದಲ್ಲಿ ಅದೇ ಕಥೆ ಮರುಕಳಿಸುತ್ತದೆ. ಒಂದು ತೊಲೆ ಕೆಟ್ಟಿದೆಯೆಂದು ಇಡೀ ಮಾಳಿಗೆ ಇಳಿಸಬೇಕಾಗಿಲ್ಲ, ಗುತ್ತಿಗೆದಾರರು ಹೇಳುವುದು ಬಹುತೇಕ ಹಾಗೆಯೇ ಆದರೂ.

ಸೋರುವ ಮಾಳಿಗೆಗೆ ನಮ್ಮೂರಿನಲ್ಲಿ ಸಾಮಾನ್ಯವಾಗಿ ಕೊಡುವ ಮದ್ದು ಮೇಲೊಂದು ಸಿಮೆಂಟ್ ಪದರ. 100 ಚದರಡಿಗೆ 2 ಅಂಗುಲ ದಪ್ಪ ಕಾಂಕ್ರೀಟು ಹಾಕಿದರೆ ಒಂದು ಟನ್ನಿಗೂ ಹೆಚ್ಚು ಭಾರ ಹೊಸದಾಗಿ ತೊಲೆಗಳ ಮೇಲೆ ಕೂರುತ್ತದೆ, ಅದೂ ತುದಿ ಕೊಳೆತಿರಬಹುದಾದ ತೊಲೆಗಳ ಮೇಲೆ. ಬಿಸಿಲಿಗೆ ಸಿಮೆಂಟು ಹಿಗ್ಗುವ ಪರಿ ಬೇರೆ, ಕೆಳಗಿನ ಸುಣ್ಣದ ಪದರ ಹಿಗ್ಗುವ ಪರಿ ಬೇರೆ. ಎರಡು ಬೇಸಿಗೆಯೊಳಗೆ ಸಿಮೆಂಟು ಕೂದಲೆಳೆ ಬಿರುಕು ಬಿಡುತ್ತದೆ. ಅದರಿಂದ ಇಳಿದ ನೀರು ಮೇಲಕ್ಕೆ ಆವಿಯಾಗಿ ಹೋಗಲಾರದೆ ಕೆಳಗೇ ನಿಲ್ಲುತ್ತದೆ. ಮತ್ತೆ ಸೋರಿದಾಗ ಮತ್ತೊಂದು ಪದರ. ಇಂಥ ಮೂರು ನಾಲ್ಕು ಪದರ ಹೊತ್ತ ಮಾಳಿಗೆಗಳು ಈ ಬೀದಿಗಳಲ್ಲಿ ಕಡಿಮೆಯೇನಿಲ್ಲ. ನೀರಿನ ಟ್ಯಾಂಕಿನ ಕಥೆಯೂ ಅಷ್ಟೇ. ಸಾವಿರ ಲೀಟರಿನ ಟ್ಯಾಂಕು ತುಂಬಿದರೆ ಒಂದು ಟನ್ನು, ನಿಲ್ಲುವುದು ನಾಲ್ಕಡಿ ಜಾಗದ ಮೇಲೆ.

ಗೋಡೆಗೂ ಇದೇ ನಿಯಮ. ಸುಣ್ಣದಲ್ಲಿ ಕಟ್ಟಿದ ಇಟ್ಟಿಗೆ ಗೋಡೆ ನೆಲದಿಂದಲೂ ಮಳೆಯಿಂದಲೂ ತೇವ ಹೀರಿಕೊಳ್ಳುತ್ತದೆ, ಸಂದುಗಳಲ್ಲಿರುವ ಗಾರೆಯ ಮೂಲಕ ಹೊರಗೆ ಬಿಡುತ್ತದೆ. ಗಾರೆ ಇಟ್ಟಿಗೆಗಿಂತ ಮೆತ್ತಗಿರುವುದರಿಂದ ಕಾಲಕಾಲಕ್ಕೆ ಸವೆಯುವುದೂ ಅದೇ, ಅದನ್ನು ಕೆರೆದು ಹೊಸದು ತುಂಬಿದರೆ ಆಯಿತು. ಆ ಸಂದಿಗೆ ಸಿಮೆಂಟು ತುಂಬಿದಾಗ ತೇವಕ್ಕೆ ಉಳಿಯುವುದು ಇಟ್ಟಿಗೆಯೊಂದೇ ದಾರಿ. ನೀರು ಒಣಗುವಾಗ ಅದರಲ್ಲಿದ್ದ ಲವಣ ಇಟ್ಟಿಗೆಯ ಮೈಯಲ್ಲೇ ಹರಳುಗಟ್ಟಿ ಅದನ್ನು ಪದರ ಪದರವಾಗಿ ಉದುರಿಸುತ್ತದೆ. ಹಳೇ ಗೋಡೆಯಲ್ಲಿ ಸಿಮೆಂಟಿನ ಗೆರೆಗಳು ಜೇಡರ ಬಲೆಯಂತೆ ಎದ್ದು ನಿಂತು, ನಡುವಿನ ಇಟ್ಟಿಗೆ ಗುಳಿಬಿದ್ದಿರುವುದನ್ನು ಕಂಡಿದ್ದರೆ ಅದಕ್ಕೆ ಕಾರಣ ಇದು. ನೆಲದಿಂದ ಮೂರು ನಾಲ್ಕು ಅಡಿ ಎತ್ತರದವರೆಗೆ ಗ್ರಾನೈಟೋ ಟೈಲ್ಸೋ ಅಂಟಿಸಿ ಅಂದ ಮಾಡುವುದೂ ಇದೇ ತಪ್ಪು. ತೇವ ಹಿಂದೆ ಸರಿಯುವುದಿಲ್ಲ, ಟೈಲ್ಸಿನ ಮೇಲಂಚಿನಿಂದ ಹೊರಬರುತ್ತದೆ.

ಸುಣ್ಣದ ಕೆಲಸ ಗೊತ್ತಿರುವವರು ಈಗೆಲ್ಲಿ ಎಂದು ಅಧಿಕಾರಿಗಳು ಕೇಳುತ್ತಾರೆ. ಕಡಿಮೆ ಇದ್ದಾರೆ ನಿಜ, ಆದರೆ ಇದು ಗುಟ್ಟಿನ ವಿದ್ಯೆಯಲ್ಲ. ಸುಟ್ಟ ಸುಣ್ಣದ ಕಲ್ಲನ್ನು ನೀರಿನ ತೊಟ್ಟಿಗೆ ಹಾಕಬೇಕು, ಸುಣ್ಣದ ಮೇಲೆ ನೀರು ಸುರಿಯಬಾರದು. ಕುದಿದು ಸಿಡಿಯುತ್ತದೆ, ಕಣ್ಣಿಗೆ ಬಿದ್ದರೆ ಕಣ್ಣೇ ಹೋದೀತು, ಕನ್ನಡಕ ಕೈಗವಸು ಕಡ್ಡಾಯ. ಅರಳಿದ ಸುಣ್ಣವನ್ನು ಸೋಸಿ, ಮೇಲೆ ನೀರು ನಿಂತಿರುವಂತೆ ಕನಿಷ್ಠ 15 ದಿನ ಕೊಳೆಹಾಕಬೇಕು, ತಿಂಗಳುಗಟ್ಟಲೆ ಬಿಟ್ಟಷ್ಟೂ ಬೆಣ್ಣೆಯಾಗುತ್ತದೆ. ಈ ಹದಿನೈದು ದಿನ ಬಿಡದೆ ಹಸಿ ಸುಣ್ಣ ಬಳಸಿದರೆ ಗೋಡೆಗೆ ಬಳಿದ ಮೇಲೆ ಅರಳದ ಕಾಳುಗಳು ಅರಳಿ ಗಾರೆಯ ಮೈಯೆಲ್ಲ ಪುಟ್ಟ ಪುಟ್ಟ ಗುಳಿಗಳು ಏಳುತ್ತವೆ, ಸುಣ್ಣದ ಕೆಲಸ ನಿಲ್ಲುವುದಿಲ್ಲವೆಂಬ ಅಪವಾದ ಬರುತ್ತದೆ. ಸಾಮಾನ್ಯ ಗೋಡೆಗೆ ಒಂದು ಪಾಲು ಸುಣ್ಣಕ್ಕೆ ಎರಡರಿಂದ ಮೂರು ಪಾಲು ತೊಳೆದ ಒರಟು ಮರಳು. ತೇವ ಹೆಚ್ಚಿರುವ ಕಡೆ ಮರಳಿನ ಒಂದು ಪಾಲಿಗೆ ಬದಲು ಸುರ್ಕಿ, ಅಂದರೆ ಚೆನ್ನಾಗಿ ಬೆಂದ ಇಟ್ಟಿಗೆಯ ಪುಡಿ. ಈ ಗಾರೆಯನ್ನು ಗಾಣದಲ್ಲಿ ಅರೆಯಬೇಕು, ಮಿಕ್ಸರಿನಲ್ಲಿ ತಿರುಗಿಸಿದರೆ ಸುಣ್ಣ ಮರಳಿನ ಮೈಗೆ ಹತ್ತುವುದಿಲ್ಲ. ಬಳಿಯುವ ಮುನ್ನ ಗೋಡೆಗೆ ನೀರು ಕುಡಿಸಬೇಕು, ಒಂದು ಕೋಟು ಅರ್ಧ ಅಂಗುಲ ಮೀರಬಾರದು, ಬಿಸಿಲಿಗೆ ಒದ್ದೆ ಗೋಣಿ ಇಳಿಬಿಡಬೇಕು. ಸುಣ್ಣ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರಿ ನಿಧಾನವಾಗಿ ಕಲ್ಲಾಗುತ್ತದೆ, ಅದಕ್ಕೆ ವಾರಗಳು ಬೇಕು. ಜೋರು ಮಳೆ ಹೊಡೆದರೆ ತೊಳೆದುಹೋಗುತ್ತದೆ. ಆಗಸ್ಟ್‌ನಲ್ಲಿ ಸುಣ್ಣದ ಕೆಲಸ ಮಾಡಲಾಗುವುದಿಲ್ಲ ಎನ್ನುವುದು ಇದಕ್ಕೇ. ಏಪ್ರಿಲ್, ಮೇ ತಿಂಗಳಲ್ಲೂ ಮೈಸೂರಿನಲ್ಲಿ ಗುಡುಗು ಮಳೆ ಜೋರು, ಬೇಸಿಗೆಯೆಂದು ನಂಬಿ ಕೂರುವಂತಿಲ್ಲ.

ಬಣ್ಣ ಬೇಡವೆಂದು ನಾವು ಹೇಳುತ್ತಿಲ್ಲ. ಹಳೇ ಎಮಲ್ಷನ್ ಕೆರೆದು ತೆಗೆದು, ಹಾಲಿನಷ್ಟು ತೆಳುವಾಗಿ ಸೋಸಿದ ಸುಣ್ಣಕ್ಕೆ ಗೋಂದು ಹಾಗೂ ಮಣ್ಣಿನ ಬಣ್ಣ ಬೆರೆಸಿ, ಒಂದು ದಿನದ ಅಂತರದಲ್ಲಿ ಮೂರು ತೆಳು ಕೋಟು ಕೊಟ್ಟರೆ ಗೋಡೆ ಉಸಿರಾಡುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಮತ್ತೆ ಬಳಿಯಬೇಕಾದೀತು. ಈಗ ಪ್ರತಿ ದಸರಾಕ್ಕೂ ಬಳಿಯುತ್ತಿಲ್ಲವೇ?

ದಸರಾ ಎಂದಮೇಲೆ ದೀಪಾಲಂಕಾರದ ಮಾತೂ ಬರುತ್ತದೆ. ಸಯ್ಯಾಜಿರಾವ್ ರಸ್ತೆಯುದ್ದಕ್ಕೂ ಬಲ್ಬಿನ ಸರ ಕಟ್ಟಲು ಕಾರ್ನಿಸಿಗೆ (ಗೋಡೆಯಿಂದ ಹೊರಚಾಚಿದ ಅಲಂಕಾರದ ಅಂಚಿಗೆ), ಕಮಾನಿನ ನೆತ್ತಿಗೆ ಮೊಳೆ ಹೊಡೆಯುತ್ತಾರೆ, ಹಬ್ಬ ಮುಗಿದ ಮೇಲೆ ಸರ ಎಳೆದುಕೊಂಡು ಹೋಗುತ್ತಾರೆ. ತೂತು ಉಳಿಯುತ್ತದೆ. ಉಳಿದ ಮೊಳೆ ತುಕ್ಕು ಹಿಡಿದು ಉಬ್ಬಿ ಗಾರೆ ಸೀಳುತ್ತದೆ, ಮುಂದಿನ ವರ್ಷ ಪಕ್ಕದಲ್ಲಿ ಇನ್ನೊಂದು ಮೊಳೆ. ಒಮ್ಮೆ ಕೂತು ತುಕ್ಕು ಹಿಡಿಯದ ಉಕ್ಕಿನ ಕೊಂಡಿಗಳನ್ನು ಇಟ್ಟಿಗೆಗಲ್ಲ, ಸಂದಿನ ಗಾರೆಗೆ ಕೂರಿಸಿ ಸುಣ್ಣದಲ್ಲಿ ಮುಚ್ಚಿದರೆ ಇಪ್ಪತ್ತು ವರ್ಷ ಅದೇ ಕೊಂಡಿಗೆ ಸರ ಕಟ್ಟಬಹುದು. ಅಂಗಡಿಯವರು ಮಳೆಗೆಂದು ಟಾರ್ಪಾಲಿನ ಹಗ್ಗವನ್ನು ಕಾರ್ನಿಸಿಗೇ ಬಿಗಿಯುವುದಕ್ಕೂ ಇದೇ ಪರಿಹಾರ. ಇನ್ನು ಜಂಬೂಸವಾರಿಯ ದಿನ. 750 ಕಿಲೋ ಅಂಬಾರಿ ಹೊತ್ತ ಆನೆಯನ್ನು ನೋಡಲು ಜನ ಈ ಮಾಳಿಗೆಗಳನ್ನು ಹತ್ತುತ್ತಾರೆ. ಒತ್ತೊತ್ತಾಗಿ ನಿಂತ ಜನರ ಭಾರ ಹತ್ತಡಿ ಉದ್ದ ಹತ್ತಡಿ ಅಗಲದ ಜಾಗಕ್ಕೆ ಮೂರು ಟನ್ ಮೀರಬಹುದು, ಅದೂ ಮಳೆಗಾಲದ ನೀರು ಇನ್ನೂ ಆರಿರದ ಮಾಳಿಗೆಯ ಮೇಲೆ. ಪೊಲೀಸರು ಆ ದಿನ ಕೂಗಿ ಇಳಿಸುವುದಕ್ಕಿಂತ ಹಿಂದಿನ ದಿನವೇ ಮೆಟ್ಟಿಲ ಬಾಗಿಲಿಗೆ ಬೀಗ ಹಾಕಿ ಕೀಲಿ ಠಾಣೆಯಲ್ಲಿ ಇಟ್ಟುಕೊಳ್ಳುವುದು ಸುಲಭ.

ಅರಳಿ ಗಿಡದ ಬಗ್ಗೆ ಒಂದು ಮಾತು. ಹಕ್ಕಿ ಹಿಕ್ಕೆಯಿಂದ ಪ್ಯಾರಾಪೆಟ್ಟಿನಲ್ಲಿ ಹುಟ್ಟಿದ ಗಿಡವನ್ನು ಹಬ್ಬಕ್ಕೆ ಮುನ್ನ ಕತ್ತಿಯಿಂದ ಸವರಿಬಿಡುತ್ತಾರೆ. ಬೇರು ಇನ್ನಷ್ಟು ಬಲಿಯುತ್ತದೆ. ಎಳೆದು ಕೀಳಲು ಹೋದರೆ ಗೋಡೆಯೇ ಜೊತೆಗೆ ಬರುತ್ತದೆ. ಅಂಗೈ ಎತ್ತರದ ಸಸಿಯಾಗಿದ್ದಾಗ ಕೈಯಿಂದ ಕಿತ್ತರೆ ಎರಡು ನಿಮಿಷದ ಕೆಲಸ. ಬಲಿತಿದ್ದರೆ ಬುಡದಲ್ಲಿ ಕೊಯ್ದು, ಬುಡಕ್ಕೆ ರಂಧ್ರ ಕೊರೆದು ಕಳೆನಾಶಕ ತುಂಬಿ, ಬೇರು ಪೂರ್ತಿ ಸತ್ತ ಮೇಲೆ ಆ ಭಾಗದ ಇಟ್ಟಿಗೆ ಬಿಡಿಸಿ ಬೇರು ತೆಗೆದು ಸುಣ್ಣದಲ್ಲಿ ಮರುಕಟ್ಟಬೇಕು. ಬೇರನ್ನು ಒಳಗೇ ಬಿಟ್ಟು ಮುಚ್ಚಿದರೆ ಅದು ಕೊಳೆತು ಆದ ಪೊಳ್ಳೇ ನೀರಿನ ದಾರಿ.

ಬಿರುಕು ಕಂಡ ಕೂಡಲೇ ತುಂಬುವ ಅವಸರವೂ ಬೇಡ. ಬಿರುಕಿನ ಅಡ್ಡಕ್ಕೆ ತೆಳು ಗಾಜಿನ ಪಟ್ಟಿಯನ್ನು ಎರಡೂ ತುದಿಯಲ್ಲಿ ಪ್ಲಾಸ್ಟರ್ ಆಫ್ ಪ್ಯಾರಿಸ್‌ನಿಂದ ಅಂಟಿಸಿ ಪಕ್ಕದಲ್ಲಿ ತಾರೀಖು ಬರೆಯಿರಿ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆದೂ ಗಾಜು ಒಡೆಯದಿದ್ದರೆ ಅದು ಹಳೇ ಗಾಯ, ತುಂಬಿದರೆ ಸಾಕು. ಒಡೆದರೆ ಗೋಡೆ ಇನ್ನೂ ಚಲಿಸುತ್ತಿದೆ ಎಂದರ್ಥ, ಬುಡವನ್ನೋ ತೊಲೆಯನ್ನೋ ನೋಡಬೇಕು. ಕಮಾನಿನ ನೆತ್ತಿಯಲ್ಲಿ ಬಿರುಕಿದ್ದರೆ ಕಾಯುವಂತಿಲ್ಲ, ಆ ದಿನವೇ ಕೆಳಗೆ ಆಧಾರ ಕೊಡಬೇಕು. ಈ ಗಾಜಿನ ಪಟ್ಟಿಗೆ ಖರ್ಚು ಏನೂ ಇಲ್ಲ, ಟೆಂಡರೂ ಬೇಡ. ಬಿರುಕು ತುಂಬುವಾಗ ಕೆಳಗಿನಿಂದ ಮೇಲಕ್ಕೆ ಬರಬೇಕು. ಒಂದೂವರೆ ಎರಡು ಅಡಿಗೊಂದು ರಂಧ್ರ ಮಾಡಿ, ಒಳಗೆ ನೀರು ಬಿಟ್ಟು ಒದ್ದೆ ಮಾಡಿ, ತೆಳುವಾದ ಸುಣ್ಣದ ಗಾರೆಯನ್ನು ಮೇಲಿನ ರಂಧ್ರದಲ್ಲಿ ಕಾಣಿಸಿಕೊಳ್ಳುವವರೆಗೆ ಇಳಿಸಬೇಕು. ಪಂಪಿನ ಒತ್ತಡ ಹೆಚ್ಚಾದರೆ ಹೊರಪದರ ಉಬ್ಬಿ ಕಳಚುತ್ತದೆ.

ವ್ಯಾಪಾರಿಗಳ ಪಾಲನ್ನೂ ಮುಚ್ಚಿಡಬಾರದು. ರೋಲಿಂಗ್ ಶಟರ್ ಕೂರಿಸಲು ಕಮಾನಿನ ಕಾಲು ಕತ್ತರಿಸಿದವರು, ಎರಡು ಮಳಿಗೆ ಒಂದು ಮಾಡಲು ನಡುಗೋಡೆ ತೆಗೆದವರು, ಸರಕಿಗೆಂದು ಗೋಡೆಗೆ ಗರ್ಡರ್ ತೂರಿಸಿ ಅಟ್ಟ ಕಟ್ಟಿದವರು ಇದ್ದಾರೆ. ಆದರೆ ಅವರ ಅಂಜಿಕೆಯೂ ಸುಳ್ಳಲ್ಲ. ದುರಸ್ತಿಗೆಂದು ಒಮ್ಮೆ ಮಳಿಗೆ ಖಾಲಿ ಮಾಡಿದರೆ ಮತ್ತೆ ಒಳಗೆ ಬಿಡುತ್ತಾರೆಂಬ ಖಾತ್ರಿ ಇಲ್ಲದಾಗ ಯಾರೂ ಸೋರುತ್ತಿದೆಯೆಂದು ಬಾಯಿಬಿಡುವುದಿಲ್ಲ. ಒಂದು ಸಾಲಿನ ಇಪ್ಪತ್ತು ಮಳಿಗೆಗಳನ್ನಷ್ಟೇ ಒಮ್ಮೆಗೆ ತೆರವು ಮಾಡಿಸಿ, ಅದೇ ಮಳಿಗೆ ಅದೇ ಬಾಡಿಗೆದಾರರಿಗೆ ಇಷ್ಟು ತಿಂಗಳಲ್ಲಿ ಮರಳುತ್ತದೆಂದು ಬರೆದು ಕೊಟ್ಟು, ಮೊದಲ ಸಾಲಿನಲ್ಲಿ ಆ ಮಾತು ಉಳಿಸಿಕೊಂಡರೆ ಎರಡನೇ ಸಾಲಿನವರು ತಾವಾಗಿಯೇ ಕೀಲಿ ಕೊಡುತ್ತಾರೆ.

ಕೆಡವಿ ಅದೇ ರೂಪದಲ್ಲಿ ಹೊಸದು ಕಟ್ಟುತ್ತೇವೆ ಎಂಬ ಮಾತಿಗೆ ನಮ್ಮ ಸಮ್ಮತಿ ಇಲ್ಲ. ಆರ್‌ಸಿಸಿ ಚೌಕಟ್ಟಿಗೆ ಕಮಾನಿನ ಆಕಾರದ ಮುಖವಾಡ ಕಟ್ಟಬಹುದು, ಒಂದೂವರೆ ಎರಡು ಅಡಿ ದಪ್ಪದ ಸುಣ್ಣದ ಗೋಡೆಯ ತಂಪನ್ನು ಕಟ್ಟಲಾಗುವುದಿಲ್ಲ. ಹೂವು, ಎಲೆ ಮಾರುವವರಿಗೆ ಅದರ ವ್ಯತ್ಯಾಸ ಮೊದಲ ಬೇಸಿಗೆಯಲ್ಲೇ ತಿಳಿಯುತ್ತದೆ. ಆದರೂ ಕಡೆಗೆ ತೀರ್ಮಾನ ಏನೇ ಆಗಲಿ, ಅದು ಆಗುವವರೆಗೆ ಜನ ಆ ಸೂರಿನ ಕೆಳಗೇ ಇರುತ್ತಾರೆ. ವ್ಯಾಜ್ಯ ಇದೆಯೆಂದು ತೂಬಿನ ಕಸ ತೆಗೆಯದಿರಲು ಕಾರಣವಿಲ್ಲ.

ಪ್ರವಾಸಿಗರ ದೃಷ್ಟಿಯಿಂದಲೂ ಒಂದೆರಡು ಸಂಗತಿ. ಭಾನುವಾರ ಸಂಜೆ ಅರಮನೆಯ ದೀಪ ನೋಡಲು ಬರುವ ಸಾವಿರಾರು ಜನ ಅಲ್ಲಿಂದ ಬಸ್ಸು ಹತ್ತಿಬಿಡುತ್ತಾರೆ, ಎದುರಿನ ಹತ್ತು ನಿಮಿಷದ ದಾರಿ ಅವರಿಗೆ ಗೊತ್ತೇ ಆಗುವುದಿಲ್ಲ. ಅರಮನೆಯ ಉತ್ತರ ದಿಕ್ಕಿನಲ್ಲಿ, ಚಿಕ್ಕ ಗಡಿಯಾರದ ಬಳಿ ಒಂದೊಂದು ನಕ್ಷೆಯ ಫಲಕ ಸಾಕು. ಬಂದವರು ಬೆಳಿಗ್ಗೆ ಚಿಕ್ಕ ಗಡಿಯಾರದ ಕಡೆಯಿಂದ ಮಾರುಕಟ್ಟೆ ಹೊಕ್ಕು, ಧನ್ವಂತರಿ ರಸ್ತೆಯ ಕಡೆ ಹೊರಟು, ಸಯ್ಯಾಜಿರಾವ್ ರಸ್ತೆಯಲ್ಲಿ ಎದುರು ಮಗ್ಗುಲಿನ ಫುಟ್‌ಪಾತಿನಲ್ಲಿ ವಾಪಸ್ ಬರಲಿ. ಕಟ್ಟಡದ ಮೇಲಂತಸ್ತು ಕಾಣುವುದು ಎದುರಿನಿಂದ ಮಾತ್ರ, ಕೆಳಗಡೆ ಬೋರ್ಡುಗಳು ಎಲ್ಲವನ್ನೂ ಮುಚ್ಚಿವೆ. ಆ ಬೋರ್ಡುಗಳನ್ನು ಕಮಾನಿನ ಒಳಗಂಚಿಗೆ ಸೀಮಿತ ಮಾಡುವ ನಿಯಮ ತಂದರೂ ಅರ್ಧ ಅಂದ ವಾಪಸ್ ಬರುತ್ತದೆ.

ಪಾಲಿಕೆಯವರಲ್ಲಿ, ಪರಂಪರೆ ಇಲಾಖೆಯವರಲ್ಲಿ ನಾವು ಕೇಳುವುದು ಇಷ್ಟು. ದಸರಾ ಮುಗಿದ ಮರುವಾರವೇ, ಮಾಳಿಗೆಗಳು ಇನ್ನೂ ಒದ್ದೆಯಾಗಿರುವಾಗ ಒಮ್ಮೆ ಹತ್ತಿ, ನೀರು ನಿಂತ ಗುರುತು ಎಲ್ಲೆಲ್ಲಿದೆ ಎಂದು ಸೀಮೆಸುಣ್ಣದಲ್ಲಿ ಗೆರೆ ಎಳೆದು ನಕ್ಷೆ ಮಾಡಿಕೊಳ್ಳಿ, ಒಣಗಿದ ಮೇಲೆ ಅದು ಕಾಣುವುದಿಲ್ಲ. ನವೆಂಬರಿನಲ್ಲಿ ಸುಣ್ಣ ಕೊಳೆಹಾಕಿಸಿ. ಟೆಂಡರಿನಲ್ಲಿ ಸಿಮೆಂಟ್ ಬಳಸಕೂಡದೆಂದು ಬರೆಯಿರಿ. ತೊಲೆಯ ತುದಿಗಳನ್ನು ಬಿಚ್ಚಿ ತೋರಿಸಿ, ಅಳತೆ ಪುಸ್ತಕದಲ್ಲಿ ದಾಖಲಾದ ಮೇಲಷ್ಟೇ ಮುಚ್ಚಬೇಕು, ಮುಚ್ಚಿದ್ದನ್ನು ನೋಡಿ ಬಿಲ್ಲು ಮಾಡಬಾರದು ಎಂಬ ಷರತ್ತೂ ಇರಲಿ. ಏಪ್ರಿಲ್ ಮೊದಲ ವಾರ, ಜೂನ್ ಮೊದಲ ವಾರ, ಆಗಸ್ಟ್ ಮೊದಲ ವಾರ ಪ್ರತಿ ತೂಬಿನ ಕಸ ತೆಗೆದು ಒಂದು ಬಕೆಟ್ ನೀರು ಸುರಿದು, ಅದು ಕೆಳಗೆ ಚರಂಡಿಗೆ ಬಿದ್ದದ್ದನ್ನು ನೋಡಲು ಇಬ್ಬರು ನೌಕರರು, ಒಂದು ಏಣಿ ಸಾಕು. ತೂಬುಗಳಿಗೆ ನಂಬರು ಬರೆದು, ನೋಡಿದ ತಾರೀಖಿನ ಪಟ್ಟಿಯನ್ನು ಮಾರುಕಟ್ಟೆಯ ದ್ವಾರದಲ್ಲಿ ಅಂಟಿಸಿದರೆ ಬಾಡಿಗೆದಾರರೂ ಓದಿಕೊಳ್ಳಬಹುದು.

ಇಂತಿ,
ಹಳೇ ಕಟ್ಟಡಗಳ ದುರಸ್ತಿ ಕೆಲಸದಲ್ಲಿರುವ ಕೆಲವರು
ಮೈಸೂರು